ಮೂತ್ರಪಿಂಡದ ಮೇಲಣ ಗ್ರಂಥಿಯೂ ಜಠರದ ಆಮ್ಲವೂ

ಫ್ರಾನ್ಸ್ ದೇಶದ ಬೋರ್ಡೋ ನಗರದ ವಿದ್ವತ್ಪರಿಷತ್ತು ೧೭೧೬ರಲ್ಲಿ ಯೂರೋಪಿನ ಪಂಡಿತರ ಮುಂದೆ ಒಂದು ಪ್ರಶ್ನೆಯನ್ನಿಟ್ಟು, ಅದಕ್ಕೆ ಒಪ್ಪುವಂತಹ ಉತ್ತರವನ್ನು ಬರೆದು ಕಳುಹಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಿಂದ ದೇಹಕ್ಕೆ ಆಗುವ ಪ್ರಯೋಜನವಾದರೂ ಏನು ಎಂಬುದೇ ಆ ಪ್ರಶ್ನೆ. ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟಾಕಿ ಆ ಗ್ರಂಥಿಗಳನ್ನು ವರ್ಣಿಸಿ ಆಗಲೇ ಒಂದೂವರೆ ಶತಮಾನ ಸಂದಿತ್ತು. ಆದರೂ ಅವು ವಿಷಣ್ಣತೆಯನ್ನು ಹುಟ್ಟಿಸುವ ಕೃಷ್ಣಪಿತ್ತದ ಕೋಶಗಳಾಗಿರಬಹುದೆಂಬಂತಹ ಊಹೆಗಳನ್ನು ಬಿಟ್ಟರೆ ತಿಳಿವಳಿಕೆ ಒಂದು ಹೆಜ್ಜೆಯೂ ಮುಂದುವರಿದಿರಲಿಲ್ಲ. ಬಂದ ಪ್ರಬಂಧಗಳನ್ನು ಪರಿಶೀಲಿಸಿ ವರದಿ ಒಪ್ಪಿಸುವ ಹೊಣೆ, ಮುಂದೆ ರಾಜ್ಯಶಾಸ್ತ್ರದ ಮಹಾಗ್ರಂಥವೊಂದರಿಂದ ಲೋಕವಿಖ್ಯಾತನಾದ, ಆಗಿನ್ನೂ ಮೂವತ್ತು ತುಂಬದ ಮಾಂಟೆಸ್ಕ್ಯೂವಿನ ಪಾಲಿಗೆ ಬಂದಿತು. ೧೭೧೮ರಲ್ಲಿ ಅವನು, ಯಾವ ಪ್ರಬಂಧವೂ ಬಹುಮಾನಕ್ಕೆ ಅರ್ಹವಲ್ಲವೆಂದು ತೀರ್ಪಿತ್ತು, ಇಷ್ಟೆಲ್ಲ ಶ್ರಮದಿಂದ ದೊರೆಯದ ಉತ್ತರ ಎಂದಾದರೊಂದು ದಿನ ಆಕಸ್ಮಿಕವಾಗಿ ದೊರೆತೀತು ಎಂಬರ್ಥದ ಮಾತನ್ನು ಸೇರಿಸಿದನು. ಆ ಗ್ರಂಥಿಗಳಿಗೂ ಜಠರದಲ್ಲಿ ಊರುವ ಆಮ್ಲಕ್ಕೂ ಏನಾದರೂ ಸಂಬಂಧ ಉಂಟೆಂಬ ಭಾವನೆ ಅಂದು ಯಾರ ಕನಸಿನಲ್ಲಿಯೂ ಸುಳಿದಿರಲಾರದು. ಅಂತಹದೊಂದು ಸಂಬಂಧವಿದೆಯೆಂದು ಕಂಡುಕೊಳ್ಳಲು ಮುಂದೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಕಂಡುಕೊಂಡೆವೆಂದು ಭಾವಿಸಿದುದನ್ನು ತಿದ್ದಿಕೊಳ್ಳುವುದಕ್ಕೆ ಮತ್ತೆ ಅರ್ಧ ಶತಮಾನ ಬೇಕಾಯಿತು.

ಇಂದು ನಾವು ಅಡ್ರಿನಲ್ ಎಂದು ಕರೆಯುವ ಈ ಗ್ರಂಥಿ, ಪ್ರಾಯಕ್ಕೆ ಬಂದ ಮನುಷ್ಯನಲ್ಲಿ ನಾಲ್ಕೈದು ಗ್ರಾಂ ತೂಗುವ ಅಲ್ಪವಸ್ತು. ಅದರ ಒಳಗಣ ತಿರುಳೂ ಹೊರಗಣ ಪದರವೂ ಹುಟ್ಟಿನಿಂದಲೇ ಬೇರೆ ಬೇರೆ ಕುಲದವು. ತಿರುಳು ನರಗಳೊಡನೆ ಹುಟ್ಟಿ ಅಡ್ರಿನಲಿನ್ ಎಂಬ ದ್ರವ್ಯವನ್ನು ಕ್ಷಣಮಾತ್ರದಲ್ಲಿ ರಕ್ತಕ್ಕೆ ಸುರಿಯಬಲ್ಲದು. ಹೊರಪದರವು ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಂತೆ ಕಾರ್ಟಿಸಾಲ್ ಮೊದಲಾದ ಸ್ಟೀರಾಯ್ಡ್ ಹಾರ್ಮೋನುಗಳನ್ನು ನಿಧಾನವಾಗಿ ಸ್ರವಿಸುತ್ತದೆ. ಇತ್ತ ಜಠರದ ಒಳಭಿತ್ತಿಯಲ್ಲಿರುವ ಆಮ್ಲಕೋಶಗಳು, ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಗಿಲಾದ ಆಮ್ಲೀಯ ಸಾಂದ್ರತೆಯುಳ್ಳ ದ್ರವವನ್ನು, ಅದೇ ರಕ್ತದಿಂದ ಪಡೆದ ಸಾಮಗ್ರಿಯಿಂದಲೇ ನಿರ್ಮಿಸುತ್ತವೆ. ಜೀವಲೋಕದ ಅಚ್ಚರಿಗಳಲ್ಲಿ ಇದಕ್ಕಿಂತ ಮಿಗಿಲಾದುದು ವಿರಳವೆಂದು ನನ್ನ ಭಾವನೆ. ತನ್ನನ್ನು ಹೊತ್ತ ಪಾತ್ರೆಯನ್ನೇ ಕರಗಿಸಬಲ್ಲ ರಸವನ್ನು ಪ್ರಾಣಿಯ ಒಡಲು ದಿನವೂ ತಯಾರಿಸುತ್ತದೆ, ಮತ್ತು ಕರಗದೆ ಉಳಿಯುತ್ತದೆ. ಈ ಉಳಿಯುವಿಕೆಯ ಗುಟ್ಟಿನಲ್ಲಿ ಮೂತ್ರಪಿಂಡದ ಮೇಲಣ ಗ್ರಂಥಿಗೂ ಒಂದು ಪಾತ್ರವುಂಟೆಂಬುದು ನಮ್ಮ ಕಾಲದಲ್ಲಿ ತಿಳಿದುಬಂದ ಸಂಗತಿ.

ಜಠರದಲ್ಲಿ ರಸವೊಂದಿದೆ, ಅದು ಆಹಾರವನ್ನು ಅರೆಯುವುದಲ್ಲ ಕರಗಿಸುವುದು ಎಂಬುದನ್ನು ಹದಿನೆಂಟನೆಯ ಶತಮಾನದ ನಡುವಿನಲ್ಲಿ ರೇಮೂರ್ ಎಂಬ ಫ್ರೆಂಚ್ ವಿಜ್ಞಾನಿ ಒಂದು ಸಾಕಿದ ಹದ್ದಿನ ಸಹಾಯದಿಂದ ತೋರಿಸಿದನು. ಜೀರ್ಣವಾಗದುದನ್ನು ಕಕ್ಕಿಬಿಡುವ ಆ ಹಕ್ಕಿಗೆ ಮಾಂಸವಿಟ್ಟ ಲೋಹದ ಕೊಳವೆಗಳನ್ನು ನುಂಗಿಸಿ, ಹೊರಬಂದಾಗ ಕೊಳವೆ ಜಜ್ಜದೆ ಒಳಗಣ ಮಾಂಸ ಮಾತ್ರ ಕರಗಿರುವುದನ್ನು ಕಂಡನು. ಇಟಲಿಯ ಸ್ಪಲ್ಲಾಂಜಾನಿ ಅದನ್ನು ಅನೇಕ ಜಾತಿಯ ಪ್ರಾಣಿಗಳಲ್ಲಿಯೂ ಕಡೆಗೆ ತನ್ನ ಮೇಲೆಯೂ ಪರೀಕ್ಷಿಸಿದನು. ಆ ರಸದಲ್ಲಿರುವ ಆಮ್ಲ ಹೈಡ್ರೋಕ್ಲೋರಿಕ್ ಆಮ್ಲವೇ ಎಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ ಮೊಲ, ಕುದುರೆ, ಕರು, ನಾಯಿ ಇವುಗಳ ಜಠರಗಳನ್ನು ಪರೀಕ್ಷಿಸಿ ೧೮೨೩ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಗೆ ತಿಳಿಸಿದಾಗ, ಲೋಹವನ್ನು ಕೊರೆಯುವ ಆಮ್ಲ ಜೀವಂತ ಒಡಲಿನಲ್ಲಿ ಇದ್ದೀತೇ ಎಂದು ಶಂಕಿಸಿದವರು ಕಡಮೆಯಿರಲಿಲ್ಲ. ಅದಕ್ಕೆ ಒಂದೂವರೆ ವರ್ಷ ಮುಂಚೆ, ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಬಂದೂಕಿನ ಗುಂಡು ತಗುಲಿ, ಅವನು ಬದುಕಿಕೊಂಡರೂ ಜಠರಕ್ಕೆ ಬಿದ್ದ ತೂತು ಮುಚ್ಚದೆ ಉಳಿದಿತ್ತು. ಸೈನ್ಯದ ವೈದ್ಯನಾಗಿದ್ದ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ವರ್ಷಗಟ್ಟಲೆ ಇಣುಕಿ ನೋಡಿ ಬರೆದ ಗ್ರಂಥ ೧೮೩೩ರಲ್ಲಿ ಪ್ರಕಟವಾಯಿತು. ಭಯವಾದಾಗ, ಕೋಪ ಬಂದಾಗ, ನರಮಂಡಲವನ್ನು ಕಲಕುವ ಯಾವುದೇ ಸ್ಥಿತಿಯಲ್ಲಿ ಜಠರದ ಒಳಪೊರೆ ಒಮ್ಮೆ ಕೆಂಪೇರಿ ಒಣಗುವುದನ್ನೂ ಮತ್ತೊಮ್ಮೆ ಬಿಳಿಚಿಕೊಂಡು ತೇವವಾಗುವುದನ್ನೂ ಬೋಮಾಂಟ್ ಅದರಲ್ಲಿ ದಾಖಲಿಸಿದ್ದಾನೆ. ಹಿತವಾದ ಅನ್ನವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದ ಅದು ಜೀರ್ಣವಾಗದೆ ಹೋಗುವುದೆಂದು ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿರುವುದು ವಿಜ್ಞರಿಗೆ ತಿಳಿದೇ ಇದೆ. ಅನುಭವ ಎಲ್ಲ ನಾಡುಗಳಲ್ಲಿಯೂ ಇದ್ದಿತು. ಮನಸ್ಸಿನ ಕ್ಷೋಭೆ ಹೊಟ್ಟೆಯನ್ನು ಮುಟ್ಟುವ ಮಾರ್ಗ ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ.

ಇನ್ನೊಂದು ಕಡೆಯಿಂದ ಅಡ್ರಿನಲ್ ಗ್ರಂಥಿಯ ಕಥೆ ನಡೆದು ಬರುತ್ತಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ತಾಮಸ್ ಅಡಿಸನ್ ೧೮೫೫ರಲ್ಲಿ ಹನ್ನೊಂದು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅವರಲ್ಲಿ ಕಂಡ ಲಕ್ಷಣಗಳು, ದಿನೇ ದಿನೇ ಹೆಚ್ಚುವ ನಿತ್ರಾಣ, ಹೃದಯದ ದೌರ್ಬಲ್ಯ, ಚರ್ಮದ ವಿಚಿತ್ರವಾದ ಕಪ್ಪು ಛಾಯೆ, ಇವುಗಳೊಡನೆ ಜಠರದ ಕೆರಳಿಕೆ. ಮರಣಾನಂತರ ಪರೀಕ್ಷಿಸಿದಾಗ ಅವರ ಅಡ್ರಿನಲ್ ಗ್ರಂಥಿಗಳು ರೋಗಗ್ರಸ್ತವಾಗಿದ್ದುವು. ಈ ನಾಲ್ಕು ಲಕ್ಷಣಗಳಲ್ಲಿ ಮುಂದಿನವರ ಗಮನವನ್ನೆಲ್ಲ ಸೆಳೆದುಕೊಂಡದ್ದು ಚರ್ಮದ ಬಣ್ಣ. ಹೊಟ್ಟೆಯ ಮಾತನ್ನು ಯಾರೂ ಬೆನ್ನಟ್ಟಿ ಹೋಗಲಿಲ್ಲ. ಮರುವರ್ಷ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಪ್ರಾಣಿಗಳ ಎರಡೂ ಗ್ರಂಥಿಗಳನ್ನು ಕತ್ತರಿಸಿ ತೆಗೆದು, ಅವಿಲ್ಲದೆ ಪ್ರಾಣಿ ಬದುಕಲಾರದೆಂದು ಸಾರಿದನು. ಮಾಂಟೆಸ್ಕ್ಯೂವಿನ ಕಾಲದ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು: ಗ್ರಂಥಿ ನಿಷ್ಪ್ರಯೋಜಕವಲ್ಲ, ಪ್ರಾಣಾಧಾರವಾದುದು. ಏತಕ್ಕೆ ಪ್ರಾಣಾಧಾರವೆಂಬ ಉಳಿದರ್ಧ ಇನ್ನೂ ಕತ್ತಲಲ್ಲಿತ್ತು.

ಜಠರಸ್ರಾವದ ಅಧ್ಯಯನ ನಿಜವಾದ ಶಾಸ್ತ್ರವಾದದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಇವಾನ್ ಪಾವ್ಲೋವನ ಕೈಯಲ್ಲಿ. ನಾಯಿಯ ಅನ್ನನಾಳವನ್ನು ಕತ್ತಿನ ಬಳಿ ಹೊರಕ್ಕೆ ತೆರೆದು, ತಿಂದದ್ದೆಲ್ಲ ಜಠರವನ್ನು ಸೇರದೆ ಹೊರಗೆ ಬೀಳುವಂತೆ ಮಾಡಿ, ಜಠರಕ್ಕೆ ಬೇರೊಂದು ಕೊಳವೆಯನ್ನು ಅಳವಡಿಸಿದರೆ, ನಾಯಿ ಆನಂದದಿಂದ ತಿನ್ನಲಾರಂಭಿಸಿದ ಐದಾರು ನಿಮಿಷಗಳಲ್ಲಿಯೇ ಬರಿದಾದ ಜಠರದಿಂದ ಶುದ್ಧವಾದ ಆಮ್ಲರಸ ಹನಿಹನಿಯಾಗಿ ಇಳಿಯತೊಡಗುವುದನ್ನು ಅವನೂ ಅವನ ಶಿಷ್ಯರೂ ಕಂಡರು. ಮಿದುಳಿನಿಂದ ಇಳಿದುಬರುವ ವೇಗಸ್ ನರವನ್ನು ಕತ್ತರಿಸಿದರೆ ಆ ರಸ ನಿಂತುಹೋಗುತ್ತಿತ್ತು. ಜರ್ಮನಿಯ ಹೈಡೆನ್‌ಹೈನ್ ಮೊದಲೇ ಜಠರದ ಒಂದು ತುಂಡನ್ನು ಪ್ರತ್ಯೇಕ ಚೀಲವಾಗಿ ಹೊಲಿದು ಅದರ ಸ್ರಾವವನ್ನು ಅಳೆದಿದ್ದನು. ಆದರೆ ಅವನ ಚೀಲದಲ್ಲಿ ನರಸಂಬಂಧ ಕಡಿದುಹೋಗುತ್ತಿತ್ತು. ಪಾವ್ಲೋವನು ನರವನ್ನು ಉಳಿಸಿಕೊಂಡೇ ಚೀಲವನ್ನು ಹೊಲಿಯುವ ಕಷ್ಟಸಾಧ್ಯವಾದ ಶಸ್ತ್ರವಿಧಾನವನ್ನು ಸಾಧಿಸಿದನು. ಈ ಎರಡು ಬಗೆಯ ಚೀಲಗಳು ಮುಂದೆ ಅಡ್ರಿನಲ್ ಪ್ರಶ್ನೆಯನ್ನು ಬಿಡಿಸಲು ಹೊರಟವರಿಗೆಲ್ಲ ಮುಖ್ಯ ಸಾಧನಗಳಾದುವು. ಏಕೆಂದರೆ ಯಾವುದಾದರೂ ದ್ರವ್ಯ ನರದ ಮೂಲಕ ವರ್ತಿಸುವುದೋ ರಕ್ತದ ಮೂಲಕ ವರ್ತಿಸುವುದೋ ಎಂದು ಬೇರ್ಪಡಿಸಿ ನೋಡಲು ಅಂದಿಗೆ ಬೇರೆ ದಾರಿ ಇರಲಿಲ್ಲ. ಪಾವ್ಲೋವನ ಪ್ರಯೋಗಶಾಲೆಯ ನಾಯಿಗಳ ಜಠರರಸ ಸೀಸೆಗಳಲ್ಲಿ ತುಂಬಿ ಅಜೀರ್ಣದ ಔಷಧವಾಗಿ ಮಾರಾಟವೂ ಆಗುತ್ತಿತ್ತು, ಆ ಹಣ ಪ್ರಯೋಗಶಾಲೆಯ ಖರ್ಚಿಗೆ ಒದಗುತ್ತಿತ್ತು. ೧೯೦೪ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆತದ್ದು ಈ ಜಠರಸಂಶೋಧನೆಗಾಗಿ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಖ್ಯಾತಿ ಬಂದದ್ದು ಅದರ ತರುವಾಯ.

ಪಾವ್ಲೋವನಿಗೆ ಜೀರ್ಣಕ್ರಿಯೆಯೆಂದರೆ ನರಗಳ ರಾಜ್ಯಭಾರ. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು, ಕರುಳಿನ ಒಳಪೊರೆಯಿಂದ ರಕ್ತಕ್ಕೆ ಸೇರುವ ರಾಸಾಯನಿಕವೊಂದು ಯಾವ ನರದ ನೆರವೂ ಇಲ್ಲದೆ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವುದೆಂದು ತೋರಿಸಿದಾಗ ಆ ರಾಜ್ಯಭಾರ ಅಲುಗಿತು. ಪಾವ್ಲೋವನು ತನ್ನ ಶಾಲೆಯಲ್ಲಿಯೇ ಪ್ರಯೋಗವನ್ನು ಮತ್ತೆ ಮಾಡಿಸಿ ನೋಡಿ, ಅವರು ಹೇಳಿದ್ದು ಸರಿಯೆಂದು ಒಪ್ಪಿಕೊಂಡನು. ಆ ಒಪ್ಪಿಗೆಯಲ್ಲಿ ಅವನ ಹಿರಿಮೆ ನೊಬೆಲ್ ಪಾರಿತೋಷಕದಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಾರ್ಮೋನೆಂಬ ಭಾವನೆ ಹೀಗೆ ನೆಲೆಗೊಂಡಿತು. ೧೯೦೫ರಲ್ಲಿ ಎಡ್ಕಿನ್ಸ್ ಜಠರದ ಕೆಳಭಾಗದಿಂದಲೇ ಬರುವ ಗ್ಯಾಸ್ಟ್ರಿನ್ ಎಂಬ ಆಮ್ಲಚೋದಕವನ್ನು ಸೂಚಿಸಿದನು. ಪಾವ್ಲೋವನ ಶಿಷ್ಯನೇ ಆದ ಪೊಪಿಯೆಲ್‌ಸ್ಕಿ ಲ್ವೂಫ್ ನಗರದಲ್ಲಿ, ನಾಯಿಯ ಚರ್ಮದಡಿ ಹಿಸ್ಟಮಿನ್ ಎಂಬ ದ್ರವ್ಯವನ್ನು ಚುಚ್ಚಿದರೆ ಜಠರದಿಂದ ಆಮ್ಲ ಧಾರಾಳವಾಗಿ ಹರಿಯುವುದನ್ನು ೧೯೧೬ರಲ್ಲಿ ಕಂಡು ೧೯೨೦ರಲ್ಲಿ ಪ್ರಕಟಿಸಿದನು. ಆಮ್ಲಕೋಶವನ್ನು ಎಚ್ಚರಿಸುವ ಮೂರು ಪ್ರೇರಕಗಳು, ವೇಗಸ್ ನರ, ಗ್ಯಾಸ್ಟ್ರಿನ್, ಹಿಸ್ಟಮಿನ್, ಹೀಗೆ ಗೋಚರಕ್ಕೆ ಬಂದುವು. ಅಡ್ರಿನಲ್ ಗ್ರಂಥಿಗೆ ಆ ಪಂಕ್ತಿಯಲ್ಲಿ ಸ್ಥಾನವಿರಲಿಲ್ಲ.

ಆದರೆ ತಿರುಳಿನ ರಸವಾದ ಅಡ್ರಿನಲಿನ್ ಬೇರೊಂದು ಬಾಗಿಲಿನಿಂದ ಜಠರವನ್ನು ಪ್ರವೇಶಿಸುತ್ತಿತ್ತು. ಆಲಿವರ್ ಮತ್ತು ಶೇಫರ್ ೧೮೯೪ರಲ್ಲಿ ಗ್ರಂಥಿಯ ಸಾರ ರಕ್ತದೊತ್ತಡವನ್ನು ಏರಿಸುವುದನ್ನು ತೋರಿಸಿದ್ದರು; ೧೯೦೧ರಲ್ಲಿ ಜಪಾನಿನವನಾದ ಟಕಾಮಿನೆ ಅಮೆರಿಕದಲ್ಲಿ ಅದನ್ನು ಹರಳಾಗಿ ಬೇರ್ಪಡಿಸಿದ್ದನು. ಬರ್ಲಿನ್ನಿನಲ್ಲಿ ಬಿಕೆಲ್ ಮತ್ತು ಸಸಾಕಿ ೧೯೦೫ರಲ್ಲಿ ಮಾಡಿದ ಒಂದು ಪ್ರಯೋಗವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಸರಳತೆ ಮನಸ್ಸನ್ನು ಸೆರೆಹಿಡಿಯುವಂತಹುದು. ಪಾವ್ಲೋವನ ಕ್ರಮದಲ್ಲಿ ಸಿದ್ಧಪಡಿಸಿದ ನಾಯಿಗೆ ಐದು ನಿಮಿಷ ತಿನ್ನಲು ಕೊಟ್ಟಾಗ, ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಅದರ ಜಠರದಿಂದ ೬೬.೭ ಘನ ಸೆಂಟಿಮೀಟರ್ ಶುದ್ಧರಸ ಹರಿಯಿತು. ಮತ್ತೊಂದು ದಿನ ಅದೇ ನಾಯಿಯ ಮುಂದೆ ಬೆಕ್ಕೊಂದನ್ನು ತಂದರು, ನಾಯಿ ಕೋಪೋದ್ರಿಕ್ತವಾಯಿತು. ಬೆಕ್ಕನ್ನು ಕೊಂಡೊಯ್ದು, ನಾಯಿಯನ್ನು ಸಮಾಧಾನಪಡಿಸಿ, ಮತ್ತೆ ಐದು ನಿಮಿಷ ತಿನ್ನಿಸಿದರು. ಹಸಿದಿದ್ದ ನಾಯಿ ಆತುರದಿಂದಲೇ ತಿಂದಿತು. ಆದರೆ ಇಪ್ಪತ್ತು ನಿಮಿಷಗಳಲ್ಲಿ ಬಂದದ್ದು ೯ ಘನ ಸೆಂಟಿಮೀಟರ್ ಮಾತ್ರ, ಅದರಲ್ಲಿಯೂ ಲೋಳೆಯೇ ಹೆಚ್ಚು. ಬೆಕ್ಕು ಕಣ್ಮರೆಯಾಗಿ, ಕೋಪ ಇಳಿದು, ಬಾಯಿಗೆ ರುಚಿ ಹತ್ತಿದ ಮೇಲೂ ಜಠರ ಆ ಕ್ರೋಧವನ್ನು ಮರೆತಿರಲಿಲ್ಲ.

ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಈ ನಿದರ್ಶನವನ್ನು ತನ್ನ ೧೯೧೫ರ ಗ್ರಂಥದಲ್ಲಿ ಎತ್ತಿಕೊಂಡನು. ಎಕ್ಸ್‌ಕಿರಣದಡಿ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದಾಗ ಆ ಪ್ರಾಣಿ ಉದ್ವಿಗ್ನವಾದೊಡನೆ ಚಲನೆ ನಿಂತುಹೋಗುವುದನ್ನು ಅವನು ತಾರುಣ್ಯದಲ್ಲಿಯೇ ಗಮನಿಸಿದ್ದನು. ೧೯೧೧ರಲ್ಲಿ ಡಿ ಲಾ ಪಾಸ್ ಎಂಬುವನೊಡನೆ ಸೇರಿ, ನಾಯಿಯ ಬೊಗಳಿಕೆಗೆ ಬೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಹೆಚ್ಚುವುದನ್ನು ತೋರಿಸಿದ್ದನು. ಭಯ ಕ್ರೋಧಗಳ ವೇಳೆಯಲ್ಲಿ ಪ್ರಾಣಿ ಹೋರಾಡಬೇಕು, ಇಲ್ಲವೆ ಓಡಬೇಕು. ಆಗ ರಕ್ತ ಸ್ನಾಯುಗಳಿಗೆ ಹರಿಯಬೇಕು, ಜೀರ್ಣಕಾರ್ಯ ಕಾಯಬೇಕು. ಅದಕ್ಕೆ ಬೇಕಾದ ಏರ್ಪಾಡನ್ನು ಅಡ್ರಿನಲ್ ತಿರುಳೂ ಅದರ ಬಂಧುವಾದ ಸಿಂಪಥೆಟಿಕ್ ನರಜಾಲವೂ ಮಾಡುತ್ತವೆ ಎಂಬುದು ಅವನ ಸಿದ್ಧಾಂತ. ನಾಯಿಗಳಲ್ಲಿ ಅಡ್ರಿನಲಿನ್ ಸಾಮಾನ್ಯವಾಗಿ ಆಮ್ಲಸ್ರಾವವನ್ನು ತಗ್ಗಿಸುವುದು, ಜಠರಕ್ಕೆ ಹರಿಯುವ ರಕ್ತ ಕುಗ್ಗುವುದು ಅದಕ್ಕೆ ಒಂದು ಕಾರಣ ಎಂಬುದು ತರುವಾಯದ ಪರೀಕ್ಷೆಗಳಲ್ಲಿಯೂ ಕಂಡುಬಂದಿತು. ಎಲ್ಲ ಪ್ರಯೋಗಗಳೂ ಒಂದೇ ಮಾತನ್ನಾಡಲಿಲ್ಲವೆಂಬುದನ್ನೂ ಹೇಳಬೇಕು. ಕೆಲವರ ನಾಯಿಗಳಲ್ಲಿ ಅಡ್ರಿನಲಿನ್ ಕೊಟ್ಟಾಗ ಸ್ರಾವ ಏರಿದುದೂ ಉಂಟು. ನ್ಯೂಯಾರ್ಕಿನಲ್ಲಿ ವುಲ್ಫ್ ಎಂಬ ಹೆಸರಿನ ಇಬ್ಬರು ವೈದ್ಯರು, ಬಾಲ್ಯದಲ್ಲಿ ಅನ್ನನಾಳ ಸುಟ್ಟುಹೋಗಿ ಜಠರದ ತೂತಿನಿಂದಲೇ ಉಣ್ಣುತ್ತಿದ್ದ ಒಬ್ಬನನ್ನು ದೀರ್ಘಕಾಲ ಪರೀಕ್ಷಿಸಿ, ಭಯದಲ್ಲಿ ಅವನ ಜಠರ ಬಿಳಿಚಿ ಆಮ್ಲ ಇಳಿಯುವುದನ್ನೂ, ಒಳಗೇ ಕುದಿಯುವ ಕೋಪದಲ್ಲಿ ಅದು ಕೆಂಪೇರಿ ಆಮ್ಲ ಏರುವುದನ್ನೂ ೧೯೪೩ರಲ್ಲಿ ವರದಿಮಾಡಿದರು. ಒಂದೇ ಗ್ರಂಥಿ, ಒಂದೇ ರಸ ಎಂದು ಇಡೀ ಮನೋವಿಕಾರಪ್ರಪಂಚವನ್ನು ವಿವರಿಸಲು ಹೊರಟವರಿಗೆ ಇದು ಎಚ್ಚರಿಕೆಯಾಗಬೇಕಾಗಿತ್ತು.

ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಎಲ್ಲರ ದೃಷ್ಟಿ ಗ್ರಂಥಿಯ ಹೊರಪದರದ ಕಡೆಗೆ ತಿರುಗಿತ್ತು. ಪ್ರಾಣಾಧಾರವಾದದ್ದು ತಿರುಳಲ್ಲ, ಹೊರಪದರವೆಂಬುದು ಖಚಿತವಾಗಿ, ಅದರ ಸಾರದಿಂದ ಗ್ರಂಥಿಹೀನ ಬೆಕ್ಕುಗಳನ್ನು ಬದುಕಿಸಲು ೧೯೩೦ರ ಸುಮಾರಿನಲ್ಲಿ ಸ್ವಿಂಗಲ್ ಮತ್ತು ಫಿಫ್ನರ್ ಸಮರ್ಥರಾದರು. ೧೯೩೬ರ ಜುಲೈ ೪ರಂದು ನೇಚರ್ ಪತ್ರಿಕೆಯಲ್ಲಿ, ಮಾಂಟ್ರಿಯಲ್ಲಿನ ಹಾನ್ಸ್ ಸೆಲ್ಯೆ ಎಂಬ ತರುಣ ವಿಜ್ಞಾನಿ ಒಂದು ಪುಟವನ್ನೂ ಮೀರದ ಬರಹವನ್ನು ಪ್ರಕಟಿಸಿದನು. ಇಲಿಗಳನ್ನು ಚಳಿಗೆ ಒಡ್ಡಲಿ, ಗಾಯಪಡಿಸಲಿ, ಅತಿಯಾಗಿ ದುಡಿಸಲಿ, ಯಾವುದಾದರೂ ವಿಷದ್ರವ್ಯವನ್ನು ಕೊಡಲಿ, ಪರಿಣಾಮಗಳು ಮಾತ್ರ ಒಂದೇ: ಥೈಮಸ್ ಮೊದಲಾದ ದುಗ್ಧಗ್ರಂಥಿಗಳು ಕುಗ್ಗುವುವು, ಅಡ್ರಿನಲ್ ಹೊರಪದರ ಉಬ್ಬುವುದು, ಜಠರದಲ್ಲಿಯೂ ಕರುಳಿನಲ್ಲಿಯೂ ಹುಣ್ಣುಗಳು ಏಳುವುವು. ಈ ತ್ರಿಪುಟಿಯೇ ಮುಂದೆ ಒತ್ತಡವೆಂಬ ಹೆಸರಿನಲ್ಲಿ ಜಗತ್ತಿನ ಬಾಯಲ್ಲೆಲ್ಲ ಹರಿದಾಡಿದ ಸಿದ್ಧಾಂತದ ಬೀಜ. ಒಂದೇ ಇಲಿಯಲ್ಲಿ ಉಬ್ಬಿದ ಅಡ್ರಿನಲ್ ಗ್ರಂಥಿಯನ್ನೂ ಹುಣ್ಣಾದ ಜಠರವನ್ನೂ ಜೊತೆಜೊತೆಯಾಗಿ ಕಂಡವರಿಗೆ, ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಭಾವಿಸುವುದು ಎಷ್ಟು ಸುಲಭ! ಜೊತೆಯಲ್ಲಿ ಕಂಡದ್ದೆಲ್ಲ ಕಾರ್ಯಕಾರಣವಲ್ಲವೆಂದು ನಮ್ಮ ತಾರ್ಕಿಕರು ಸಾವಿರ ವರ್ಷಗಳಿಂದ ಹೇಳುತ್ತ ಬಂದಿದ್ದರೂ, ಆ ಸುಲಭವಾದ ದಾರಿಯನ್ನೇ ವೈದ್ಯಲೋಕ ಹಿಡಿಯಿತು.

ಹಿಡಿಯುವುದಕ್ಕೆ ಬಲವಾದ ನೆಪವೂ ಒದಗಿತು. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕೀಲುವಾತದ ರೋಗಿಯೊಬ್ಬಳಿಗೆ ಅಡ್ರಿನಲ್ ಹೊರಪದರದ ಹಾರ್ಮೋನಾದ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆಯಿಂದ ಏಳಲಾರದಿದ್ದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. ಎರಡೇ ವರ್ಷಗಳಲ್ಲಿ, ಹೊರಪದರದ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಲ್, ಹೆಂಚ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಔಷಧ ವ್ಯಾಪಕವಾಗಿ ಬಳಕೆಗೆ ಬಂದೊಡನೆ, ಅದನ್ನು ಸೇವಿಸಿದ ಕೆಲವರಿಗೆ ಜಠರದ ಹುಣ್ಣಾಗಿ ರಕ್ತ ಸೋರಿದ ವರದಿಗಳೂ ಬರತೊಡಗಿದುವು. ೧೯೫೧ರಲ್ಲಿ ಬಾಸ್ಟನ್ನಿನ ಸೀಮೋರ್ ಗ್ರೇ ಮತ್ತು ಸಂಗಡಿಗರು, ಪಿಟ್ಯುಟರಿಯ ಪ್ರೇರಕವಾದ ಎಸಿಟಿಎಚ್ ಅನ್ನಾಗಲಿ ಕಾರ್ಟಿಸೋನನ್ನಾಗಲಿ ದಿನಗಟ್ಟಲೆ ಕೊಟ್ಟಾಗ ಮನುಷ್ಯರಲ್ಲಿ ಜಠರದ ಆಮ್ಲವೂ ಪೆಪ್ಸಿನ್ ಎಂಬ ಪಾಚಕ ಕಿಣ್ವವೂ ಏರುವುವೆಂದು ಪ್ರಕಟಿಸಿ, ಮಿದುಳಿನಿಂದ ಪಿಟ್ಯುಟರಿಗೆ, ಪಿಟ್ಯುಟರಿಯಿಂದ ಅಡ್ರಿನಲ್ಲಿಗೆ, ಅಡ್ರಿನಲ್ಲಿನಿಂದ ಜಠರಕ್ಕೆ ವೇಗಸ್ ನರವನ್ನು ಅವಲಂಬಿಸದ ಇನ್ನೊಂದು ಮಾರ್ಗವಿರುವುದೆಂದು ಪ್ರತಿಪಾದಿಸಿದರು. ಚಿಂತೆಯಿಂದ ಹಾರ್ಮೋನು, ಹಾರ್ಮೋನಿನಿಂದ ಆಮ್ಲ, ಆಮ್ಲದಿಂದ ಹುಣ್ಣು: ಬೋಮಾಂಟನ ಕಾಲದಿಂದ ಹುಡುಕುತ್ತಿದ್ದ ಮಾರ್ಗ ಕಡೆಗೂ ಸಿಕ್ಕಿತೆಂದು ಅನೇಕರು ನಂಬಿದರು. ಆ ಸರಪಳಿಯ ಸೊಗಸು ಅಂತಹುದು.

ಸೊಗಸಾದ ಸರಪಳಿಯನ್ನು ತುಂಡರಿಸಿದ್ದು ಪ್ರಾಣಿಗಳ ಸಾಕ್ಷ್ಯ. ಫಿಲಡೆಲ್ಫಿಯಾದ ಷೇ ಮತ್ತು ಸಂಗಡಿಗರು ೧೯೪೫ರಲ್ಲಿ ಒಂದು ಸುಲಭವಿಧಾನವನ್ನು ಪ್ರಕಟಿಸಿದ್ದರು. ಉಪವಾಸವಿದ್ದ ಇಲಿಯ ಜಠರದ ಕೆಳಬಾಯಿಯನ್ನು ದಾರದಿಂದ ಕಟ್ಟಿ, ಕೆಲವು ಗಂಟೆಗಳ ಮೇಲೆ ಅದರಲ್ಲಿ ಸೇರಿದ ರಸವನ್ನು ಅಳೆಯುವುದೇ ಅದರ ಕ್ರಮ. ನಾಯಿಗೆ ವರ್ಷಗಟ್ಟಲೆ ಶುಶ್ರೂಷೆ ಮಾಡುವ ಅನುಕೂಲವಿಲ್ಲದ ಪ್ರಯೋಗಶಾಲೆಗಳಿಗೂ ಹೀಗೆ ದಾರಿ ತೆರೆಯಿತು. ಕರ್ಣಾಟಕದ ಔಷಧವಿಜ್ಞಾನ ಕಾಲೇಜುಗಳಲ್ಲಿ ಗಿಡಮೂಲಿಕೆಗಳ ಗುಣವನ್ನು ಪರೀಕ್ಷಿಸುವ ವಿದ್ಯಾರ್ಥಿಗಳು ಇಂದಿಗೂ ಈ ವಿಧಾನವನ್ನು ಬಲ್ಲರು. ೧೯೫೮ರಲ್ಲಿ ಲಂಡನ್ನಿನಲ್ಲಿ ಷಿಲ್ಡನೊಡನೆ ಸೇರಿ ಭಾರತೀಯರಾದ ಎಂ. ಎನ್. ಘೋಷ್ ಅವರು, ಅರಿವಳಿಕೆ ಕೊಟ್ಟ ಇಲಿಯ ಜಠರದ ಮೂಲಕ ಸತತವಾಗಿ ದ್ರವವನ್ನು ಹರಿಸಿ ಆಮ್ಲದ ಏರಿಳಿತವನ್ನು ಆಯಾ ಕ್ಷಣದಲ್ಲಿಯೇ ದಾಖಲಿಸುವ ಕ್ರಮವನ್ನು ರೂಪಿಸಿದರು. ಇಂತಹ ಸಾಧನಗಳಿಂದ ದೊರೆತ ಉತ್ತರ ಗ್ರೇಯ ಸಿದ್ಧಾಂತದಷ್ಟು ನೇರವಾಗಿರಲಿಲ್ಲ. ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಇಲಿಯಲ್ಲಿ ಆಮ್ಲವೂ ಪೆಪ್ಸಿನೂ ನಿಶ್ಚಯವಾಗಿ ಇಳಿಯುತ್ತಿದ್ದುವು. ಹಿಸ್ಟಮಿನ್ ಮೊದಲಾದ ಪ್ರೇರಕಗಳಿಗೆ ಜಠರ ಮೊದಲಿನಂತೆ ಓಗೊಡುತ್ತಿರಲಿಲ್ಲ. ಕಾರ್ಟಿಸೋನನ್ನು ಅಲ್ಪಪ್ರಮಾಣದಲ್ಲಿ ಕೊಟ್ಟರೆ ಆ ಶಕ್ತಿ ಮರಳುತ್ತಿತ್ತು. ಆದರೆ ಗ್ರಂಥಿಗಳು ನೆಟ್ಟಗಿರುವ ಆರೋಗ್ಯವಂತ ಪ್ರಾಣಿಗೆ ಅದೇ ಹಾರ್ಮೋನನ್ನು ಒಂದು ಸಲ ಕೊಟ್ಟಮಾತ್ರಕ್ಕೆ ಆಮ್ಲ ಉಕ್ಕುತ್ತಿರಲಿಲ್ಲ. ನಾಯಿಗಳಲ್ಲಿ ಏರಿಕೆ ಕಂಡದ್ದು ಬಹುದಿನ, ಬಹುಪ್ರಮಾಣದಲ್ಲಿ ಕೊಟ್ಟಾಗ.

ಇದರ ಅರ್ಥವೇನು? ಅಮೆರಿಕದ ಶರೀರಶಾಸ್ತ್ರಜ್ಞ ಡ್ವೈಟ್ ಇಂಗಲ್ ಅಡ್ರಿನಲ್ ಹೊರಪದರದ ಕ್ರಿಯೆಯನ್ನು ಕುರಿತು ಐವತ್ತರ ದಶಕದಲ್ಲಿ ಮಂಡಿಸಿದ ಭಾವನೆ ಇಲ್ಲಿ ಬೆಳಕು ಕೊಟ್ಟಿತು. ಆ ಹಾರ್ಮೋನು ಎಷ್ಟೋ ಅಂಗಗಳಲ್ಲಿ ಆಜ್ಞೆಯನ್ನು ಕೊಡುವುದಿಲ್ಲ. ಬೇರೆಯವರು ಕೊಟ್ಟ ಆಜ್ಞೆಯನ್ನು ನಡೆಸುವ ಸಾಮರ್ಥ್ಯವನ್ನು ಅಂಗದಲ್ಲಿ ಉಳಿಸುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಗಾಡಿಯನ್ನು ಎಳೆಯುವುದಿಲ್ಲ. ಅದಿಲ್ಲದಿದ್ದರೆ ಎತ್ತುಗಳು ಎಷ್ಟು ಬಲವಾಗಿದ್ದರೂ ಗಾಲಿ ಕಿರುಗುಟ್ಟಿ ನಿಲ್ಲುತ್ತದೆ. ಹಾಗೆಂದು ಇನ್ನೂ ನಾಲ್ಕು ಬಟ್ಟಲು ಹೆಚ್ಚಾಗಿ ಹೊಯ್ದರೆ ಗಾಡಿ ಓಡತೊಡಗುವುದೂ ಇಲ್ಲ. ವೇಗಸ್ ನರ, ಗ್ಯಾಸ್ಟ್ರಿನ್, ಹಿಸ್ಟಮಿನ್ ಎಳೆಯುವವು. ಕಾರ್ಟಿಸಾಲ್ ಗಾಲಿ ತಿರುಗುವಂತೆ ನೋಡಿಕೊಳ್ಳುವುದು. ಅಡಿಸನ್ನನ ರೋಗಿಗಳ ಕೆರಳಿದ ಹೊಟ್ಟೆ ನೂರು ವರ್ಷಗಳ ಹಿಂದೆಯೇ ಈ ದಿಕ್ಕಿನತ್ತ ಬೆರಳು ತೋರಿತ್ತು.

ಹಾಗಾದರೆ ಕಾರ್ಟಿಸೋನ್ ಸೇವಿಸಿದವರ ಹುಣ್ಣು ಎಲ್ಲಿಂದ ಬಂದಿತು? ರೆನೆ ಮೆಂಗೀ ಮತ್ತು ಸಂಗಡಿಗರು ೧೯೬೩ರಲ್ಲಿ, ಬಹುಪ್ರಮಾಣದ ಕಾರ್ಟಿಸೋನಿನಿಂದ ನಾಯಿಯ ಜಠರದ ಲೋಳೆ ಕುಂದುವುದನ್ನು ತೋರಿಸಿ, ತಪ್ಪು ಆಮ್ಲದ ಹೆಚ್ಚಳದಲ್ಲಲ್ಲ, ರಕ್ಷಣೆಯ ಕ್ಷಯದಲ್ಲಿದೆಯೆಂಬ ವಿಚಾರಕ್ಕೆ ಎಡೆಮಾಡಿಕೊಟ್ಟರು. ೧೯೯೧ರಲ್ಲಿ ಅಮೆರಿಕದ ಟೆನೆಸೀ ರಾಜ್ಯದ ವೃದ್ಧರಾದ ರೋಗಿಗಳ ದಾಖಲೆಗಳನ್ನು ಶೋಧಿಸಿದವರು, ಸ್ಟೀರಾಯ್ಡನ್ನು ಮಾತ್ರ ಸೇವಿಸಿದವರಲ್ಲಿ ಹುಣ್ಣಿನ ಅಪಾಯ ಹೆಚ್ಚೇನೂ ಕಾಣದೆ, ಅದರೊಡನೆ ಆಸ್ಪಿರಿನ್ ಜಾತಿಯ ನೋವುನಿವಾರಕಗಳನ್ನೂ ಸೇವಿಸಿದವರಲ್ಲಿ ಆ ಅಪಾಯ ಸುಮಾರು ಹದಿನೈದು ಪಟ್ಟು ಏರಿರುವುದನ್ನು ಕಂಡರು. ಕೀಲುವಾತದವರಿಗೆ ಎರಡನ್ನೂ ಕೂಡಿಯೇ ಕೊಡುವುದು ಬಳಕೆಯಾಗಿದ್ದುದರಿಂದ, ಒಂದರ ಅಪರಾಧ ಎಷ್ಟೋ ಮಟ್ಟಿಗೆ ಇನ್ನೊಂದರ ತಲೆಗೆ ಕಟ್ಟಿತ್ತು. ಇದರ ನಡುವೆ, ೧೯೮೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್ ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿ, ಬಹುಪಾಲು ಹುಣ್ಣುಗಳ ಕಾರಣ ಅಲ್ಲಿದೆಯೆಂದು ಸಾಧಿಸಿದ ಮೇಲೆ, ಚಿಂತೆಯೇ ಹುಣ್ಣಿನ ತಾಯಿಯೆಂಬ ಹಳೆಯ ನಂಬಿಕೆ ನೆಲಕಚ್ಚಿತು.

ಈ ಇತಿಹಾಸದ ಎರಡು ಎಳೆಗಳೂ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಕೂಡಿಬಂದ ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಗ್ಲಾಸ್ಗೋ ನಗರದ ಪಶುವೈದ್ಯ ಶಾಲೆಯಲ್ಲಿ ಐವತ್ತರ ದಶಕದಲ್ಲಿ ಜಠರಾಮ್ಲವನ್ನು ಅಭ್ಯಾಸಮಾಡುತ್ತಿದ್ದ ಜೇಮ್ಸ್ ಬ್ಲ್ಯಾಕ್, ಮೊದಲು ಹೃದಯದ ಮೇಲಣ ಅಡ್ರಿನಲಿನ್ನಿನ ಪ್ರಭಾವವನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧವನ್ನು ಸಾಧಿಸಿದನು. ತರುವಾಯ ಅದೇ ವಿಚಾರಸರಣಿಯನ್ನು ಹಿಸ್ಟಮಿನ್ನಿಗೆ ಅನ್ವಯಿಸಿ, ಆಮ್ಲಕೋಶದ ಮೇಲೆ ಹಿಸ್ಟಮಿನ್ ಕೂರುವ ನೆಲೆಯನ್ನು ಮುಚ್ಚುವ ದ್ರವ್ಯವನ್ನು ೧೯೭೨ರಲ್ಲಿ ಪ್ರಕಟಿಸಿದನು. ಅದರ ಸಂತತಿಯಾದ ಸಿಮೆಟಿಡಿನ್ ೧೯೭೬ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದು, ಹುಣ್ಣಿಗಾಗಿ ಜಠರವನ್ನು ಕತ್ತರಿಸುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ಬಹುಮಟ್ಟಿಗೆ ಅನಾವಶ್ಯಕವಾಗಿಸಿತು.

ಕಡೆಯ ಅಧ್ಯಾಯ ಮತ್ತೆ ಪಾವ್ಲೋವನ ಊರಿನದೇ. ಅವನ ಹೆಸರಿನ ಶರೀರವಿಜ್ಞಾನ ಸಂಸ್ಥೆಯಲ್ಲಿ ಲ್ಯುಡ್‌ಮಿಲಾ ಫಿಲಾರೆತೋವಾ ಅವರೂ ಸಹೋದ್ಯೋಗಿಗಳೂ ತೊಂಬತ್ತರ ದಶಕದಿಂದೀಚೆಗೆ ಸೆಲ್ಯೆಯ ಹಳೆಯ ಪ್ರಯೋಗದ ಪ್ರಶ್ನೆಯನ್ನು ತಲೆಕೆಳಗಾಗಿ ಕೇಳಿ ನೋಡಿದರು. ಇಲಿಗಳನ್ನು ಚಳಿಯಲ್ಲಿ ಕಟ್ಟಿಹಾಕುವ ವೇಳೆಯಲ್ಲಿ ಅಡ್ರಿನಲ್ ಹಾರ್ಮೋನು ಏರದಂತೆ ತಡೆದರೆ ಹುಣ್ಣು ಕಡಮೆಯಾಗಬೇಕಷ್ಟೆ, ಆ ಹಾರ್ಮೋನೇ ಅಪರಾಧಿಯಾಗಿದ್ದಲ್ಲಿ? ಹುಣ್ಣು ಕಡಮೆಯಾಗಲಿಲ್ಲ, ಹೆಚ್ಚಿತು. ಇಲಿಗಳಲ್ಲಿ ಸಹಜವಾಗಿರುವ ಕಾರ್ಟಿಕೋಸ್ಟೆರೋನನ್ನು ಹಿಂದಿರುಗಿಸಿ ಕೊಟ್ಟಾಗ ಇಳಿಯಿತು. ಕ್ಷೋಭೆಯ ವೇಳೆಯಲ್ಲಿ ಜಠರಭಿತ್ತಿಗೆ ರಕ್ತ ಹರಿಯುವಂತೆಯೂ ಲೋಳೆ ಉಳಿಯುವಂತೆಯೂ ನೋಡಿಕೊಂಡು, ಪ್ರಾಣಿಯ ಒಡಲನ್ನು ಅದರದೇ ಆಮ್ಲದಿಂದ ಕಾಪಾಡುವ ಕೆಲಸವನ್ನು ಆ ಹಾರ್ಮೋನು ಮಾಡುತ್ತಿತ್ತು. ಅರವತ್ತು ವರ್ಷ ಅಪರಾಧಿಯ ಸ್ಥಾನದಲ್ಲಿ ನಿಂತಿದ್ದುದು ಕಾವಲುಗಾರನಾಗಿತ್ತು. ಈ ತೀರ್ಪು ಬಹುಪ್ರಮಾಣದ ಔಷಧಕ್ಕಲ್ಲ, ದೇಹ ತಾನಾಗಿ ಸ್ರವಿಸುವ ಪ್ರಮಾಣಕ್ಕೆ ಅನ್ವಯಿಸುವುದೆಂಬುದನ್ನು ಮರೆಯಬಾರದು.

ಈ ತಿಳಿವಳಿಕೆಗೆ ಬೆಲೆ ತೆತ್ತವು ಮೂಕಪ್ರಾಣಿಗಳು. ಪಾವ್ಲೋವನ ಇಚ್ಛೆಯಂತೆ ೧೯೩೫ರಲ್ಲಿ ಲೆನಿನ್‌ಗ್ರಾಡಿನ ಪ್ರಾಯೋಗಿಕ ವೈದ್ಯಸಂಸ್ಥೆಯ ತೋಟದಲ್ಲಿ ನಾಯಿಯ ಪ್ರತಿಮೆಯುಳ್ಳ ಸ್ಮಾರಕವೊಂದು ನಿಂತಿತು. ನಮ್ಮಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಲು ಅವಕಾಶ ಕಲ್ಪಿಸಿದೆ. ಉತ್ತರ ಆಗಲೇ ತಿಳಿದಿರುವ ಪ್ರಶ್ನೆಯನ್ನು ಇನ್ನೊಂದು ಇಲಿಯ ಹೊಟ್ಟೆಯಲ್ಲಿ ಕೇಳುವುದು ಆ ಋಣವನ್ನು ಅವಮಾನಿಸಿದಂತೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಓದುಗರಲ್ಲಿ ಒಂದು ಬಿನ್ನಹವಿದೆ. ಉಬ್ಬಸಕ್ಕೋ ಕೀಲುವಾತಕ್ಕೋ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಗಳನ್ನು, ಹೊಟ್ಟೆ ಹುಣ್ಣಾದೀತೆಂಬ ಹಳೆಯ ಭಯದಿಂದ ತಾವಾಗಿಯೇ ನಿಲ್ಲಿಸಿಬಿಡುವವರು ಇಂದಿಗೂ ಇದ್ದಾರೆ. ವಾರಗಟ್ಟಲೆ ಮಾತ್ರೆ ನುಂಗಿದವರಲ್ಲಿ ಸ್ವಂತ ಅಡ್ರಿನಲ್ ಗ್ರಂಥಿ ಕೆಲಸವನ್ನು ಮರೆತು ಕುಗ್ಗಿರಬಹುದು. ಅದು ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಥಟ್ಟನೆ ನಿಲ್ಲಿಸಿದರೆ ವಾಂತಿ, ನಿತ್ರಾಣ, ರಕ್ತದೊತ್ತಡದ ಕುಸಿತಗಳು ಒದಗಿ ಪ್ರಾಣಕ್ಕೇ ಅಪಾಯವಾದೀತು. ಹೊಟ್ಟೆಯ ಬಗೆಗೆ ಶಂಕೆಯಿದ್ದರೆ ವೈದ್ಯರನ್ನು ಕೇಳಿ, ಜೊತೆಯಲ್ಲಿ ನುಂಗುತ್ತಿರುವ ನೋವಿನ ಮಾತ್ರೆಯ ಹೆಸರನ್ನು ತಪ್ಪದೆ ಹೇಳಿ, ಅವರು ಸೂಚಿಸಿದಂತೆ ಹಂತಹಂತವಾಗಿಯೇ ಪ್ರಮಾಣವನ್ನು ಇಳಿಸಿಕೊಳ್ಳಬೇಕು.